ಎಡಗಾಲಿನ ಹಾವುಗೆ

ತಾಕೆ ಉಪ್ಪಿನಲ್ಲಿ ಹಾಕಿದ ಮೂಲಂಗಿಯ ಹೋಳೊಂದನ್ನು ಊಟದ ಕಡ್ಡಿಗಳಲ್ಲಿ ಎತ್ತಿ ಕುನಿಯ ಕಡೆ ಚಾಚಿದಳು. ಕುನಿಯ ಗಮನ ಎಲ್ಲೋ ಇತ್ತು. ಬಟ್ಟಲು ಒಡ್ಡುವ ಬದಲು ತನ್ನ ಕಡ್ಡಿಗಳಿಂದಲೇ ಹೋಳನ್ನು ಹಿಡಿದಳು.

ಮಣ್ಣುಗುಡ್ಡೆಯ ನೆರಳಿನಲ್ಲಿ ಉಣ್ಣುತ್ತಿದ್ದ ಹೆಂಗಸರು ಬಾಯಾಡಿಸುವುದನ್ನು ನಿಲ್ಲಿಸಿದರು.

"ಬಿಡೇ! ಬಿಡು ಅದನ್ನ!" ತಾಕೆ ಕೈ ಕೊಡವಿದಳು. ಹೋಳು ಮಣ್ಣಿಗೆ ಬಿತ್ತು. "ಬುದ್ಧಿ ಎಲ್ಲಿಟ್ಟಿದೀಯ? ಅನ್ನದ ಮುಂದೆ ಮಾಡೋ ಕೆಲಸಾನಾ ಇದು?"

"ತಪ್ಪಾಯ್ತು ಅಕ್ಕಾ."

"ನನ್ನ ಮುಂದೆ ತಪ್ಪಾಯ್ತು ಅಂದ್ರೆ ಏನ್ ಬಂತು. ಮನೇಲಿ ಕಾಯಿಲೆ ಬಿದ್ದು ಮಲಗಿರೋ ನಿನ್ನ ನಾದಿನಿಗೆ ಹೇಳು."

ಹೇಳಿದ ಮೇಲೆ ತಾಕೆಯೇ ನಾಲಿಗೆ ಕಚ್ಚಿಕೊಂಡಳು. ಒಂದೇ ತುಣುಕನ್ನು ಇಬ್ಬರ ಕಡ್ಡಿಗಳು ಹಿಡಿಯುವುದು ಒಂದು ಜಾಗದಲ್ಲಿ ಮಾತ್ರ. ಹೆಣ ಸುಟ್ಟ ಮೇಲೆ, ಬೂದಿಯೊಳಗಿನ ಮೂಳೆಯನ್ನು ಎತ್ತುವಾಗ. ಹಿರೋಶಿಮಾದಲ್ಲಿ ಆ ಕಡ್ಡಿಗಳನ್ನು ಹಿಡಿಯದ ಕೈ ಇರಲಿಲ್ಲ. ಆದ್ದರಿಂದಲೇ ಊಟದ ಹೊತ್ತಿನಲ್ಲಿ ಅದರ ನೆನಪಿಗೂ ಎಲ್ಲರೂ ಹೆದರುತ್ತಿದ್ದರು.

ಬಾಂಬು ಬಿದ್ದು ಎಂಟು ವರ್ಷವಾಗಿತ್ತು. ಸುಟ್ಟ ಊರಿನ ನಡುವೆ ಅಗಲವಾದ ರಸ್ತೆಯೊಂದು ಆಗುತ್ತಿತ್ತು. ಅದಕ್ಕೆ ಶಾಂತಿಯ ಹೆಸರಿಟ್ಟಿದ್ದರು. ಮಣ್ಣು ಹೊರುವವರು ಹೆಂಗಸರು. ಹೆಚ್ಚಿನವರು ಗಂಡ ಸತ್ತವರು. ಹೆಗಲ ಮೇಲೆ ಅಡ್ಡೆ, ಅಡ್ಡೆಯ ಎರಡು ತುದಿಗೆ ಎರಡು ಬುಟ್ಟಿ. ಕುನಿಯ ಎಡಗೈ ಮೊಣಕೈಯಲ್ಲಿ ಬಗ್ಗಿ ಹಾಗೆಯೇ ನಿಂತುಬಿಟ್ಟಿತ್ತು. ಕುತ್ತಿಗೆಯಿಂದ ಮಣಿಕಟ್ಟಿನವರೆಗೆ ಸುಟ್ಟ ಗಾಯ ಮಾಯ್ದ ಮೇಲೆ ಚರ್ಮ ಉಬ್ಬಿ ಬೆಳೆದಿತ್ತು. ಏಡಿಯ ಬೆನ್ನಿನ ಹಾಗೆ ಕೆಂಪಗೆ, ಗಟ್ಟಿಯಾಗಿ, ಹೊಳೆಯುತ್ತ. ಬಿಸಿಲಿಗೆ ಅದು ತುರಿಸುತ್ತಿತ್ತು. ಅಲ್ಲಿ ಬೆವರು ಬರುತ್ತಿರಲಿಲ್ಲ. ಮೈಯ ಉಳಿದ ಭಾಗವೇ ಅದರ ಪಾಲಿನ ಬೆವರನ್ನೂ ಸುರಿಸಬೇಕಿತ್ತು.

"ದೇವ್ರು ನಿನ್ ಕೈಯನ್ನ ಅಡ್ಡೆಗೆ ಅಂತ್ಲೇ ಬಗ್ಗಿಸಿದಾನೆ" ಎಂದು ಮೇಸ್ತ್ರಿ ಒಗಿಹಾರಾ ನಗುತ್ತಿದ್ದ. ಹೊಸದಾಗಿ ಬಂದ ಕೂಲಿಯವರಿಗೆ ಅವಳನ್ನು ತೋರಿಸಿ ಸದ್ದಿಲ್ಲದೆ ನಾಲ್ಕು ಬೆರಳು ಎತ್ತುತ್ತಿದ್ದ. ಹೆಬ್ಬೆರಳು ಮಡಚಿ, ನಾಲ್ಕು ಬೆರಳು. ನದಿಯಂಚಿನ ಕೇರಿಯವಳು ಎಂದು ಅರ್ಥ. ಸತ್ತ ದನದ ಚರ್ಮ ಸುಲಿಯುವವರು, ಮರದ ಹಾವುಗೆ ರಿಪೇರಿ ಮಾಡುವವರು, ದನಗಳ ಹಾಗೆ ನಾಲ್ಕು ಕಾಲಿನವರು. ಬಾಂಬಿನ ಮಿಂಚು ಬಿದ್ದ ಬೆಳಿಗ್ಗೆ ಇಡೀ ಊರು ಒಂದೇ ಸಮ ಸುಟ್ಟಿತ್ತು. ಚರ್ಮ ಕಿತ್ತು ನೇತಾಡುವಾಗ ಯಾರು ಯಾವ ಕೇರಿ ಎಂದು ಯಾರಿಗೂ ತಿಳಿದಿರಲಿಲ್ಲ. ಗಾಯ ಒಣಗುವ ಮೊದಲೇ ಬೆರಳುಗಳು ಮತ್ತೆ ಮೇಲೆದ್ದವು.

ಊಟ ಮುಗಿಸಿ ಗುದ್ದಲಿ ಹಿಡಿದರು. ಸ್ವಲ್ಪ ಹೊತ್ತಿಗೆ ತಾಕೆಯ ಗುದ್ದಲಿ ಟಣಕ್ ಎನ್ನದೆ ಮೆತ್ತಗೆ ಸದ್ದು ಮಾಡಿತು. ಆ ಸದ್ದು ಎಲ್ಲರಿಗೂ ಗೊತ್ತು. ಕಲ್ಲಲ್ಲ. ಕುನಿ ಮಂಡಿಯೂರಿ ಕೈಯಿಂದ ಮಣ್ಣು ಸರಿಸಿದಳು. ತೊಡೆಯ ಮೂಳೆ. ಕಂದು ಬಣ್ಣಕ್ಕೆ ತಿರುಗಿ, ಒಂದು ತುದಿ ಗುಂಡಗೆ, ಪೂರ್ತಿಯಾಗಿತ್ತು. ಅವಳು ಅದನ್ನು ಒರೆಸಿದಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡಳು.

ತಾಕೆ ಪಕ್ಕಕ್ಕೆ ಬಂದು ದನಿ ತಗ್ಗಿಸಿದಳು. "ಇಟ್ಕೊಂಡ್ಬಿಡೆ. ಯಾರಿಗ್ ಗೊತ್ತಾಗುತ್ತೆ? ಯಾಸಾಕುನ ಮೂಳೆ ಭರಣಿಗೆ ಹಾಕು. ಪಾಪ, ನೆಟ್ಟಗೆ ನಿಂತ್ಕೊಳ್ಳಲಿ."

"ಇದು ಯಾರ ಮನೇದೋ ಅಕ್ಕಾ."

"ಆ ಮನೆ ಎಲ್ಲಿದೆ ಈಗ?"

"ಮನೆ ಇಲ್ದಿದ್ರೂ ಮೂಳೆ ಅವ್ರದ್ದೇ." ಕುನಿ ಅದನ್ನು, ಸಿಕ್ಕ ಮೂಳೆಗಳನ್ನು ದೇವಸ್ಥಾನಕ್ಕೆ ಒಯ್ಯುವ ಹುಲ್ಲಿನ ಚೀಲಕ್ಕೆ ಹಾಕಿದಳು. ಅಡ್ಡೆ ಎತ್ತಿದಳು.

ಯಾಸಾಕು ಅವಳ ಗಂಡ. ಹಾವುಗೆಗಳಿಗೆ ಪಟ್ಟಿ ಕಟ್ಟುತ್ತಿದ್ದ. ಅವುಗಳ ಅಡಿಯಲ್ಲಿ ತೇದ ಮರದ ಹಲ್ಲುಗಳನ್ನು ಕಿತ್ತು ಹೊಸವನ್ನು ಕೂರಿಸುತ್ತಿದ್ದ. ಮಿಂಚು ಬಿದ್ದಾಗ ಗೋಡೆಯ ಮರೆಯಲ್ಲಿದ್ದ. ಒಂದು ಬೊಬ್ಬೆಯೂ ಏಳಲಿಲ್ಲ. ಐದು ವರ್ಷದ ಮೇಲೆ ಒಸಡಿನಲ್ಲಿ ರಕ್ತ ಬಂತು. ಮುಟ್ಟಿದಲ್ಲೆಲ್ಲ ಮೈ ನೀಲಿಗಟ್ಟಿತು. ಮೂಳೆಯೊಳಗಿನ ನೆಣ ಕೆಟ್ಟು, ರಕ್ತ ಹುಟ್ಟುವಲ್ಲಿಯೇ ಹಾಳಾಗುತ್ತಿದೆ ಎಂದು ಕೇರಿಯ ಮುದಿ ಡಾಕ್ಟರು ಹೇಳಿದರು. ಅವರ ಹತ್ತಿರ ಔಷಧವಿರಲಿಲ್ಲ. ಗುಡ್ಡದ ಮೇಲೆ ಅಮೆರಿಕನ್ನರು ಕಟ್ಟಿದ ಕೇಂದ್ರವಿತ್ತು. ಅಲ್ಲಿಂದ ಕಾರು ಬರುತ್ತಿತ್ತು, ಯಾಸಾಕುವನ್ನು ಕರೆದೊಯ್ಯುತ್ತಿತ್ತು. ಬಟ್ಟೆ ಬಿಚ್ಚಿಸಿ ನೋಡುತ್ತಿದ್ದರು, ಅಳೆಯುತ್ತಿದ್ದರು, ಫೋಟೋ ತೆಗೆಯುತ್ತಿದ್ದರು, ರಕ್ತ ಎಳೆಯುತ್ತಿದ್ದರು. ಮತ್ತೆ ಅದೇ ಕಾರಿನಲ್ಲಿ ತಂದು ಬಿಡುತ್ತಿದ್ದರು. ಔಷಧ ಕೊಡುತ್ತಿರಲಿಲ್ಲ. ನೋಡುವುದಷ್ಟೇ ತಮ್ಮ ಕೆಲಸ ಎನ್ನುತ್ತಿದ್ದರು.

ಅವನು ಸತ್ತ ದಿನ ಕಾರು ಹೂವಿನೊಂದಿಗೆ ಬಂತು. ಕೇಂದ್ರದ ಪರವಾಗಿ ಮನೆಮನೆಗೆ ಬರುತ್ತಿದ್ದ ಎಬಾತೊ ಎಂಬ ಹೆಂಗಸು ಮಂಡಿಯೂರಿ ನಮಸ್ಕರಿಸಿದಳು. ಕಾಲೇಜು ಓದಿದವಳು. ನದಿಯಂಚಿನ ಕೇರಿಯ ಚಾಪೆಗೆ ಹಣೆ ತಾಗಿಸಿದ ಹೊರಗಿನವರನ್ನು ಕುನಿ ಅದೇ ಮೊದಲು ನೋಡಿದ್ದು. ದೇಹವನ್ನು ಒಂದೇ ದಿನ ಕೊಡಿ, ನಾಳೆ ಬೇರೆಯವರಿಗೆ ಔಷಧ ಸಿಗಬಹುದು ಎಂದು ಎಬಾತೊ ಮೆಲ್ಲಗೆ ಹೇಳಿದಳು. ಕುನಿ ಒಪ್ಪಿದಳು.

ಮಾರನೆಯ ದಿನ ಯಾಸಾಕು ಹೊಸ ಬಿಳಿ ನಿಲುವಂಗಿಯಲ್ಲಿ ಬಂದ. ಹೊಲಿಗೆಗಳು ಅಚ್ಚುಕಟ್ಟಾಗಿದ್ದವು.

ಸುಟ್ಟಾದ ಮೇಲೆ ಕಬ್ಬಿಣದ ತಟ್ಟೆಯನ್ನು ಹೊರಗೆಳೆದರು. ಕುನಿ ಮತ್ತು ಯಾಸಾಕುವಿನ ತಂಗಿ ಶಿಜುನೊ ಕಡ್ಡಿಗಳನ್ನು ಹಿಡಿದು ಎದುರುಬದುರು ನಿಂತರು. ಮೊದಲು ಪಾದದ ಮೂಳೆ ಹಾಕಬೇಕು, ಆಮೇಲೆ ಮೇಲಕ್ಕೆ, ಕೊನೆಗೆ ತಲೆ. ಹಾಗಾದರೆ ಸತ್ತವನು ಭರಣಿಯಲ್ಲಿ ನೆಟ್ಟಗೆ ನಿಂತಿರುತ್ತಾನೆ. ಪಾದಗಳು ಸಿಕ್ಕವು. ಮೊಣಕಾಲುಗಳು ಸಿಕ್ಕವು. ಎಡತೊಡೆ ಸಿಕ್ಕಿತು. ಬಲತೊಡೆಯ ಜಾಗದಲ್ಲಿ ಕರಿಕಾದ ಮರದ ತುಂಡೊಂದಿತ್ತು. ಅದಕ್ಕೊಂದು ಮೊಳೆ. ಶಿಜುನೊಳ ಕಡ್ಡಿ ತಗುಲಿದ್ದೇ ಮರ ಪುಡಿಯಾಯಿತು. ಮೊಳೆ ತಟ್ಟೆಯ ಮೇಲೆ ಉರುಳಿತು.

"ಗುಡ್ಡದಿಂದ ಬಂದವ್ರದ್ದು ಹಿಂಗೇ" ಎಂದ ಸುಡುವವನು, ಅವರ ಮುಖ ನೋಡದೆ. "ಮೂಳೆ ತಗೊಂಡು ಕೋಲು ಇಟ್ಟು ಕಳಿಸ್ತಾರೆ. ಕಾಲು ಉದ್ದಕ್ಕೆ ಇರ್ಲಿ ಅಂತ."

ಕುನಿ ಭರಣಿಗೆ ಮುಚ್ಚಳ ಹಾಕಿದಳು, ಬಿಳಿ ಬಟ್ಟೆ ಕಟ್ಟಿದಳು, ಮನೆಗೆ ತಂದಳು.

ಆಮೇಲೆ ಸದ್ದು ಶುರುವಾಯಿತು. ನಸುಕಿನಲ್ಲಿ, ಅವಳು ಕೂಲಿಯ ಸಾಲಿಗೆ ಹೊರಡುವ ಮೊದಲು. ಓಣಿಯ ತುದಿಯಿಂದ ಹಾವುಗೆಯ ಸದ್ದು. ಟಕ್. ಮತ್ತೆ ಮೌನ. ಇನ್ನೊಂದು ಕಾಲು ಬೀಳಬೇಕಾದಷ್ಟು ಹೊತ್ತಿನ ಮೌನ. ಆಮೇಲೆ ಮತ್ತೆ ಟಕ್. ಎಡಗಾಲೊಂದರದೇ. ಬಾಗಿಲವರೆಗೆ ಬಂದು ನಿಲ್ಲುತ್ತಿತ್ತು. ಅವಳು ಬಾಗಿಲು ತೆರೆದರೆ ಓಣಿ ಖಾಲಿ. ಹೊಸ್ತಿಲ ಒಳಗೆ ಅವನ ಹಾವುಗೆಗಳು ಇಟ್ಟಲ್ಲೇ ಜೋಡಿಯಾಗಿ ಇರುತ್ತಿದ್ದವು. ಎಡಗಾಲಿನದರ ಹಲ್ಲು ಮಾತ್ರ ಬರಬರುತ್ತ ತೇಯುತ್ತಿದೆ ಎಂದು ಅವಳಿಗೆ ಅನಿಸುತ್ತಿತ್ತು. ನೆರೆಮನೆಯವರನ್ನು ಕೇಳಿದಳು. ಅವರಿಗೆ ಏನೂ ಕೇಳಿಸಿರಲಿಲ್ಲ. ಶಿಜುನೊಳನ್ನು ಅವಳು ಕೇಳಲಿಲ್ಲ.

ಈಗ ಶಿಜುನೊಳ ಒಸಡಿನಲ್ಲಿ ರಕ್ತ ಬರುತ್ತಿತ್ತು.

ಅಂದು ಸಂಜೆ ಕುನಿ ಮನೆಗೆ ಬಂದಾಗ ಅವಳು ಗೋಡೆಗೆ ಒರಗಿ ಕೂತಿದ್ದಳು. ತುಟಿಯ ಮೇಲೆ ಒಣಗಿದ ಕಪ್ಪು ಗೆರೆ. ತೋಳಿನ ತುಂಬ ನೇರಳೆ ಮಚ್ಚೆ. ಮದುವೆಗೆ ಗಂಡು ನೋಡುವ ವಯಸ್ಸು ಬಂದಾಗ, ಮಿಂಚು ಕಂಡವಳು ಎಂದು ಒಬ್ಬರು ಬೇಡವೆಂದಿದ್ದರು, ಕೇರಿಯವಳು ಎಂದು ಇನ್ನೊಬ್ಬರು.

"ಅತ್ತಿಗೆ, ಕಾರು ಬಂದಿತ್ತು ಇವತ್ತು."

"ಹೋಗಿದ್ದೆಯಾ?"

"ಏಳಕ್ಕಾಗಲ್ಲ ಅಂದೆ. ಎಬಾತೊ ಹಣ್ಣು ಇಟ್ಟು ಹೋದ್ಳು. ಎಷ್ಟು ನಯವಾಗಿ ನೋಡ್ತಾಳೆ ಗೊತ್ತಾ? ಹಣ್ಣಂಗಡೀಲಿ ನಾವು ಹಣ್ಣನ್ನ ನೋಡ್ತೀವಲ್ಲ, ಇವತ್ತು ಮಾಗಿದೆಯಾ, ನಾಳೆಗೆ ಬೇಕಾ ಅಂತ, ಹಂಗೆ." ಶಿಜುನೊ ನಕ್ಕಳು. ಹಲ್ಲುಗಳ ಸಂದಿ ಕೆಂಪಾಗಿತ್ತು.

ಹಿಂದಿನ ಸಲ ಕೇಂದ್ರದಲ್ಲಿ ಏನಾಯಿತು ಎಂಬುದನ್ನು ಅವಳು ಒಂದೇ ಸಲ ಹೇಳಿದ್ದಳು. ತಾವೇ ತೊಡಿಸಿದ ಬಿಳಿ ನಿಲುವಂಗಿಯನ್ನೂ ತೆಗೆಸಿದರು. ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿದರು. ದೀಪ ಹಚ್ಚಿದರು. ಗಂಡಸರು ಬರೆದುಕೊಳ್ಳುತ್ತಿದ್ದರು. ಆ ದೀಪ ಹೊತ್ತಿದ ಕ್ಷಣ ಮತ್ತೆ ಮಿಂಚು ಬಂತು ಎಂದು ಅವಳು ನೆಲಕ್ಕೆ ಬಿದ್ದು ಕಿವಿ ಮುಚ್ಚಿಕೊಂಡಳು. ಅವರು ಕಾದರು. ಎದ್ದ ಮೇಲೆ ಮತ್ತೆ ನಿಲ್ಲಿಸಿ ಫೋಟೋ ತೆಗೆದರು.

"ಅತ್ತಿಗೆ, ನನ್ನನ್ನ ಗುಡ್ಡಕ್ಕೆ ಕೊಡಬೇಡ."

"ಏನ್ ಮಾತು ಇದು. ಗಂಜಿ ಕುಡಿ."

"ಕೊಡಲ್ಲ ಅನ್ನು. ಆಮೇಲೆ ಕುಡೀತೀನಿ."

ಕುನಿ ಒಲೆಯ ಕಡೆ ತಿರುಗಿದಳು. ನಾಳೆ ಬೇರೆಯವರಿಗೆ ಔಷಧ ಸಿಗಬಹುದು. ಆ ಮಾತನ್ನು ಅವಳು ಮೂರು ವರ್ಷದಿಂದ ತಿರುಗಿಸಿ ತಿರುಗಿಸಿ ನೋಡಿದ್ದಳು. ಅದು ಸುಳ್ಳು ಎನ್ನಲು ಅವಳಿಗೆ ಧೈರ್ಯ ಸಾಲುತ್ತಿರಲಿಲ್ಲ. ನಿಜವೇ ಇರಬಹುದು. ಆದರೆ ಆ ನಾಳೆ ಯಾಸಾಕುವಿನ ಸ್ವಂತ ತಂಗಿಯ ಹತ್ತಿರಕ್ಕೇ ಬಂದಿರಲಿಲ್ಲ. ಅವನ ಮೂಳೆಯೊಳಗೆ ಏನು ಕಂಡಿತು ಎಂದು ಒಬ್ಬರೂ ಬಂದು ಹೇಳಿರಲಿಲ್ಲ.

"ಕೊಡಲ್ಲ" ಎಂದಳು.

ಶಿಜುನೊ ಗಂಜಿಯನ್ನು ಎರಡು ಗುಟುಕು ಕುಡಿದಳು. "ನನಗೂ ಕೇಳ್ಸುತ್ತೆ" ಎಂದಳು. "ಅಣ್ಣ ಬರೋದು. ನೀನು ಹೆದರ್ತೀಯ ಅಂತ ಹೇಳಿರ್ಲಿಲ್ಲ." ಆಮೇಲೆ ತಮಾಷೆಯ ದನಿಯಲ್ಲಿ, "ನಂಗೆ ಎರಡಿದೆಯಲ್ಲ, ಒಂದು ಅವನಿಗೆ ಕೊಟ್ಬಿಡು. ಭರಣಿಯೊಳಗೆ ನಾನೆಲ್ಲಿಗೆ ನಡ್ಕೊಂಡು ಹೋಗ್ಬೇಕು?"

"ಬಾಯ್ಮುಚ್ಚು ಪೀಡೆ" ಎಂದಳು ಕುನಿ. ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಹಾಕಿದಳು.

ಶಿಜುನೊ ಬೇಸಿಗೆಯ ಕೊನೆಯ ಒಂದು ಬೆಳಿಗ್ಗೆ ಸತ್ತಳು. ಮೂಗಿನ ರಕ್ತ ನಿಲ್ಲಲೇ ಇಲ್ಲ. ಕುನಿ ಬಟ್ಟೆಯ ಮೇಲೆ ಬಟ್ಟೆ ಒತ್ತಿದಳು. ಎಲ್ಲವೂ ನೆಂದವು. ಕೊನೆಗೆ ನೆನೆಯುವುದು ನಿಂತಿತು.

ತಲೆದಿಂಬಿನ ಬಳಿ ಹಚ್ಚಿದ ಊದುಬತ್ತಿ ಇನ್ನೂ ಅರ್ಧ ಉರಿದಿರಲಿಲ್ಲ. ಓಣಿಯ ಬಾಯಲ್ಲಿ ಕಾರು ನಿಂತಿತು. ಕೇರಿಯ ಹಿರಿಯ ಗೆಂಜಿರೊ ಮುಂದೆ, ಬಿಳಿ ಹೂವು ಹಿಡಿದ ಎಬಾತೊ ಅವನ ಹಿಂದೆ. ಇನ್ನೂ ಹಿಂದೆ ಸ್ಟ್ರೆಚರ್ ಹಿಡಿದ ಇಬ್ಬರು ಗಂಡಸರು.

ಎಬಾತೊ ಮಂಡಿಯೂರಿ ಹಣೆ ತಾಗಿಸಿದಳು. "ಕುನಿಯವ್ರೇ, ಈ ದುಃಖದ ಹೊತ್ತಲ್ಲಿ ಕೇಳೋದು ತಪ್ಪು ಅಂತ ಗೊತ್ತು. ಒಂದೇ ದಿನ. ಅಣ್ಣ ತಂಗಿ ಇಬ್ಬರದ್ದೂ ನೋಡೋಕೆ ಸಿಗೋದು ತುಂಬಾ ಅಪರೂಪ."

"ಅಪರೂಪ" ಎಂದಳು ಕುನಿ.

"ವಿಜ್ಞಾನಕ್ಕೆ ಅಂತ ಹೇಳಿದೆ."

ಗೆಂಜಿರೊ ಕೆಮ್ಮಿದ. "ಕೊಟ್ಟುಬಿಡಮ್ಮ. ಇಷ್ಟು ದೊಡ್ಡೋರು ನಮ್ಮ ಕೇರಿಗೆ ಬಂದು ನೆಲಕ್ಕೆ ಕೂತು ಕೇಳ್ತಿದಾರೆ. ಇಲ್ಲ ಅಂದ್ರೆ ನಾಳೆ ಊರಲ್ಲಿ ನಮ್ಮ ಬಗ್ಗೆ ಏನಂತಾರೆ?"

"ಏನಂತಾರೋ ಅದನ್ನ ಮೊದಲಿಂದ್ಲೂ ಅಂತಿದಾರೆ, ದೊಡ್ಡಪ್ಪ."

ಕುನಿ ಎದ್ದು ನಿಂತಳು. ಅವಳ ಮೈ ಮೇಲೆ ರಕ್ತದ ಕಲೆಯಿತ್ತು. ಬಗ್ಗಿದ ಎಡಗೈಯನ್ನು ಎಬಾತೊಳ ಮುಖದ ಮುಂದೆ ಹಿಡಿದು, ಬಲಗೈಯಿಂದ ಅದರ ಹೆಬ್ಬೆರಳನ್ನು ಮಡಚಿದಳು. ನಾಲ್ಕು ಬೆರಳು ಉಳಿದವು.

"ಇದೇನು ಅಂತ ಗೊತ್ತಲ್ಲ ನಿಂಗೆ?"

ಎಬಾತೊಳ ಮುಖ ಕೆಂಪಾಯಿತು. "ನಾನು ಯಾವತ್ತೂ..."

"ನೀನು ಎತ್ತಿಲ್ಲ. ನಯವಾಗಿ ಮಾತಾಡಿದೀಯ. ನಾಲ್ಕು ಕಾಲಿನವ್ರು ನಾವು. ಅದಕ್ಕೇನಾ ಒಂದು ತಗೊಂಡ್ರೆ ಏನೂ ಆಗಲ್ಲ ಅಂದ್ಕೊಂಡಿದ್ದು? ನನ್ನ ಗಂಡನಿಗೆ ಇದ್ದಿದ್ದು ಎರಡೇ."

ಕುನಿ ಶಿಜುನೊಳ ಕಡೆ ಕೈ ತೋರಿಸಿದಳು.

"ಬದುಕಿದ್ದಾಗ ಇವ್ಳು ಔಷಧ ಕೇಳಿದ್ಳು. ನೋಡೋದಷ್ಟೇ ನಮ್ಮ ಕೆಲಸ ಅಂದ್ರಿ. ನೋಡಿ ಆಯ್ತಲ್ಲ. ಹೋಗಿ."

"ಕುನಿಯವ್ರೇ, ದಯವಿಟ್ಟು ಒಂದ್ಸಲ..."

"ಇವ್ಳ ಕೂದಲೂ ಸಿಗಲ್ಲ. ಹೂವು ತಗೊಂಡು ಹೋಗು."

ಆ ಹೊತ್ತಿಗೆ ಓಣಿಯಲ್ಲಿ ಚಕ್ರಗಳ ಕಿರುಗುಟ್ಟುವಿಕೆ ಕೇಳಿತು. ತಾಕೆ ಮಣ್ಣು ಸಾಗಿಸುವ ಕೈಗಾಡಿ ಎಳೆದುಕೊಂಡು ಬಂದಿದ್ದಳು. ಹಿಂದೆ ತಲೆಗೆ ಟವಲು ಕಟ್ಟಿದ ಕೂಲಿ ಹೆಂಗಸರು. ಕಾರಿನ ಡ್ರೈವರು ಹಾರನ್ ಹೊಡೆದ.

"ಒತ್ತಪ್ಪ ಒತ್ತು" ಎಂದಳು ತಾಕೆ. "ಸತ್ತೋಳು ಎದ್ದು ದಾರಿ ಬಿಡ್ತಾಳೆ." ಗಾಡಿಯನ್ನು ಕಾರಿನ ಮೂತಿಗೆ ತಾಗಿಸಿ ನಿಲ್ಲಿಸಿದಳು. ಹಿಂದಕ್ಕೆ ಹೋಗದೆ ಕಾರಿಗೆ ಬೇರೆ ದಾರಿ ಇರಲಿಲ್ಲ. ಅದು ಹಿಂದಕ್ಕೆ ಹೋಯಿತು.

"ಮೇಸ್ತ್ರಿ ಏನಂದ?" ಎಂದು ಕುನಿ ಕೇಳಿದಳು.

"ಗಾಡಿ ಯಾಕೆ ಅಂದ. ಮಣ್ಣು ಹೊರೋಕೆ ಅಂದೆ. ಸುಳ್ಳಾ ಅದು?" ತಾಕೆಯ ಕಣ್ಣು ತುಂಬಿತ್ತು.

ಗಾಡಿಯನ್ನು ನದಿಯ ನೀರಿನಲ್ಲಿ ತೊಳೆದರು. ಶಿಜುನೊಳನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಹೆಂಗಸರೇ ಎಳೆದುಕೊಂಡು ಹೋದರು. ದಿಬ್ಬ ಹತ್ತುವಾಗ ರಸ್ತೆಗೆ ಮಣ್ಣು ಗುದ್ದುವಾಗಿನ ಹಾಗೆಯೇ ಹೆಗಲು ಕೊಟ್ಟು ಒಟ್ಟಿಗೆ ಉಸಿರು ಬಿಟ್ಟರು. ಹಾಡಲಿಲ್ಲ.

ಸುಟ್ಟಾದ ಮೇಲೆ ಕುನಿ ಮತ್ತು ತಾಕೆ ಕಡ್ಡಿಗಳನ್ನು ಹಿಡಿದರು. ಪಾದದಿಂದ ಶುರುಮಾಡಿದರು. ಪಾದಗಳು. ಮೊಣಕಾಲು. ಎಡತೊಡೆ. ಬಲತೊಡೆ. ರೋಗ ತಿಂದ ಮೂಳೆ, ಒಳಗೆ ಜೇನುಹುಟ್ಟಿನ ಹಾಗೆ ಟೊಳ್ಳು. ಆದರೂ ಅದು ಅಲ್ಲಿತ್ತು. ಇಬ್ಬರ ಕಡ್ಡಿಗಳ ನಡುವೆ ಅದರ ಹಗುರವಾದ ಭಾರವಿತ್ತು.

ತಾಕೆ ಪಿಸುಗುಟ್ಟಿದಳು. "ಹುಡುಗಿ ಹೇಳಿದ್ಳು ಅಂದೆಯಲ್ಲ. ಅಣ್ಣನಿಗೆ ಒಂದು ಅಂತ. ಅವಳೇ ಕೊಟ್ಟಿದ್ದು ಅಲ್ವಾ?"

ಕುನಿಯ ಕೈ ಭರಣಿಯ ಮೇಲೆ ನಿಂತಿತು. ಅವಳು ಬೆಳಿಗ್ಗೆಯಿಂದ ಅದನ್ನೇ ಯೋಚಿಸಿದ್ದಳು. ಕೊಟ್ಟರೆ ಸದ್ದು ನಿಲ್ಲಬಹುದು. ಯಾಸಾಕು ನೆಟ್ಟಗೆ ನಿಂತಾನು. ನಸುಕಿನಲ್ಲಿ ಅವಳಿಗೆ ನಿದ್ದೆ ಬಂದೀತು.

"ಇಲ್ಲ" ಎಂದಳು. "ನಾವೇ ತುಂಬಿಕೊಟ್ರೆ ಅವ್ರು ತಗೊಂಡೇ ಇಲ್ಲ ಅಂತಾಗುತ್ತೆ. ಅದು ಖಾಲಿ ಇರ್ಲಿ. ತಗೊಂಡವ್ರೇ ತರಲಿ."

ಬಲತೊಡೆ ಶಿಜುನೊಳ ಭರಣಿಗೆ ಇಳಿಯಿತು. ಅವಳು ನೆಟ್ಟಗೆ ನಿಂತಳು.

ಅದೇ ತಿಂಗಳು ಕುನಿಯನ್ನೂ ಕೇಂದ್ರದಲ್ಲಿ ಪರೀಕ್ಷಿಸುವ ದಿನ ಬಂತು. ಎಂದಿನ ಹಾಗೆ ಕಾರು ಬಂತು. ಅವಳು ಬರುವುದಿಲ್ಲ ಎಂದು ಡ್ರೈವರು ಅಂದುಕೊಂಡಿದ್ದ. ಅವಳು ಕೂಲಿಯ ಬಟ್ಟೆಯಲ್ಲೇ, ಮಣ್ಣಿನ ಕಾಲಲ್ಲೇ ಹತ್ತಿ ಕೂತಳು. ಮಡಿಲಲ್ಲಿ ಬಟ್ಟೆಯ ಗಂಟೊಂದಿತ್ತು.

ಗುಡ್ಡದ ಮೇಲಿನ ನೆಲ ಕನ್ನಡಿಯ ಹಾಗೆ ನುಣುಪು. ಹಾವುಗೆಯಲ್ಲಿ ನಡೆದರೆ ಜಾರುತ್ತದೆ, ಸದ್ದಾಗುತ್ತದೆ ಎಂದು ಬಾಗಿಲಲ್ಲೇ ಬಿಡಿಸಿ ಮೆತ್ತನೆಯ ಚಪ್ಪಲಿ ಕೊಡುತ್ತಿದ್ದರು. ಉದ್ದದ ಹಜಾರದ ಬೆಂಚಿನ ಮೇಲೆ ಬಿಳಿ ನಿಲುವಂಗಿ ತೊಟ್ಟ ಜನ ಸಾಲಾಗಿ ಕೂತಿದ್ದರು. ಎಲ್ಲರೂ ನೆಲ ನೋಡುತ್ತಿದ್ದರು. ನರ್ಸು ಕುನಿಗೂ ನಿಲುವಂಗಿ ಚಾಚಿದಳು.

"ಬಿಚ್ಚಲ್ಲ" ಎಂದಳು ಕುನಿ.

ನರ್ಸು ಎಬಾತೊಳನ್ನು ಕರೆದಳು. ಎಬಾತೊ ಡಾಕ್ಟರನ್ನು ಕರೆದಳು. ಡಾಕ್ಟರು ಎತ್ತರದ ಅಮೆರಿಕನ್, ಆಯಾಸಗೊಂಡ ಕಣ್ಣು. ಅವನು ಏನೋ ಕೇಳಿದ. ಎಬಾತೊ ಅದನ್ನು ಜಪಾನಿಯಲ್ಲಿ ಹೇಳಿದಳು. "ಏನು ತೊಂದರೆ ಅಂತ ಕೇಳ್ತಿದಾರೆ."

"ನನ್ನ ಗಂಡನ ಬಲತೊಡೆ ಮೂಳೆ ಎಲ್ಲಿದೆ ಅಂತ ಕೇಳು."

ಎಬಾತೊ ಡಾಕ್ಟರನ್ನು ಕೇಳಿದಳು. ಡಾಕ್ಟರು ಉತ್ತರ ಕೊಟ್ಟ.

"ಸಮುದ್ರದ ಆಚೆ ಇದೆಯಂತೆ. ಅವ್ರ ದೇಶದಲ್ಲಿ. ಗಾಜಿನ ಜಾಡಿಯಲ್ಲಿ. ತುಂಬಾ ಜೋಪಾನವಾಗಿ ಇಟ್ಟಿದಾರಂತೆ."

"ಜೋಪಾನವಾಗಿ."

"ಹೌದು."

"ಬದುಕಿದ್ದಾಗ ಅವನನ್ನ ಒಂದಿನ ಹಂಗೆ ಇಟ್ಟಿದ್ರೆ ಸಾಕಿತ್ತು."

ಎಬಾತೊ ಅದನ್ನು ಡಾಕ್ಟರಿಗೆ ಹೇಳಲಿಲ್ಲ. ಬೆಂಚಿನ ಮೇಲಿನ ಜನ ತಲೆ ಎತ್ತಿದ್ದರು. ಕುನಿ ಗಂಟು ಬಿಚ್ಚಿದಳು. ಒಂದು ಹಾವುಗೆ. ಒಂದೇ. ಹಳೆಯ ಮರ, ನೀಲಿ ಪಟ್ಟಿ, ಹೆಬ್ಬೆರಳು ಒತ್ತಿ ಒತ್ತಿ ಕುಳಿಬಿದ್ದ ಕಪ್ಪು ಗುರುತು. ಬಗ್ಗಿ ಅದನ್ನು ಹಜಾರದ ನಡುವೆ ನುಣುಪು ನೆಲದ ಮೇಲೆ ಇಟ್ಟಳು. ಅದರ ಮೂತಿ ಡಾಕ್ಟರ ಕಡೆಗಿತ್ತು.

"ಇದು ಎಡಗಾಲಿಂದು. ಬಲಗಾಲಿಂದು ಮನೇಲಿದೆ. ಕಾಲು ತಂದ ದಿನ ಅದನ್ನೂ ತರ್ತೀನಿ." ಅವಳ ದನಿ ಏರಲಿಲ್ಲ. "ಇಷ್ಟು ದಿನ ನಮ್ಮನೆ ಬಾಗಿಲಿಗೆ ಬರ್ತಿದ್ದ. ಅವನನ್ನ ಕಳಿಸಿದವ್ರು ನೀವು. ಇನ್ಮೇಲೆ ಇಲ್ಲಿಗೆ ಬರ್ತಾನೆ."

ನರ್ಸು ಹಾವುಗೆ ಎತ್ತಲು ಬಗ್ಗಿದಳು. ಬೆಂಚಿನಿಂದ ಒಬ್ಬ ಮುದುಕ ಹೇಳಿದ. "ಮುಟ್ಟಬೇಡಮ್ಮ. ಇರ್ಲಿ ಅದು." ಅವನ ಒಂದು ಕಿವಿ ಕರಗಿ ಕೆನ್ನೆಗೆ ಅಂಟಿತ್ತು. ಅವನು ಎದ್ದು ನಿಂತ. ಬೇಕಾದವರಿಗೆ ಕೇಳಲಿ ಎಂಬ ಹಾಗೆ ಗಟ್ಟಿಯಾಗಿ, "ನನ್ನ ಬಟ್ಟೆ ಎಲ್ಲಿಟ್ಟಿದೀರ? ನನ್ನ ಹೆಂಡ್ತೀನೂ ಇಲ್ಲಿಗೇ ತಂದಿದ್ರಿ. ಅವಳ ಮೂಳೆ ಎತ್ತುವಾಗ ನಾನು ಕಣ್ಣು ಮುಚ್ಕೊಂಡಿದ್ದೆ" ಎಂದ.

ಕುನಿ ಬಾಗಿಲ ಕಡೆ ನಡೆದಳು. ಮೆತ್ತನೆಯ ಚಪ್ಪಲಿ ಅವಳಿಗೆ ಬೇಕಿರಲಿಲ್ಲ. ಬರಿಗಾಲಲ್ಲೇ ನಡೆದಳು. ನೆಲದ ಮೇಲೆ ಮಣ್ಣಿನ ಗುರುತು ಬೀಳುತ್ತ ಬಂತು.

ಹೊಸ್ತಿಲಲ್ಲಿ ಅವಳಿಗೆ ಅದು ಕೇಳಿಸಿತು. ಟಕ್.

ಅವಳು ತಿರುಗಲಿಲ್ಲ. ಬಾಗಿಲ ಗಾಜಿನಲ್ಲಿ ಹಜಾರ ಕಾಣುತ್ತಿತ್ತು. ಬೆಂಚಿನ ಮೇಲಿನ ಬಿಳಿ ನಿಲುವಂಗಿಗಳೆಲ್ಲ ಒಂದೇ ಕಡೆ ತಿರುಗಿದ್ದವು. ಎಬಾತೊ ಬಾಯಿಗೆ ಕೈ ಹಿಡಿದಿದ್ದಳು. ಡಾಕ್ಟರು ನೆಲ ನೋಡುತ್ತಿದ್ದ, ಇನ್ನೊಂದು ಕಾಲು ಬೀಳುವುದನ್ನು ಕಾಯುವವನ ಹಾಗೆ.

ಅವಳು ಗುಡ್ಡ ಇಳಿದಳು. ಹಿಂದೆ ಸದ್ದು ಬರಲಿಲ್ಲ. ಅಡ್ಡೆ ಕೂರುವ ಹೆಗಲಿನ ಮೇಲೆ ಬಿಸಿಲು ಬಿದ್ದಿತ್ತು. ಕೆಲಸದ ಜಾಗಕ್ಕೆ ಹೋಗಬೇಕಿತ್ತು. ರಸ್ತೆ ಇನ್ನೂ ಮುಗಿದಿರಲಿಲ್ಲ, ಅದರ ಕೆಳಗೆ ಇನ್ನೂ ಜನ ಇದ್ದರು.